ಮೋಡೆಮ್ ಮಾತು ನಿಲ್ಲಿಸಿದ ಶನಿವಾರ

“ಇನ್ನೊಂದು ಸಲ ನೋಡೋಣ,” ಎಂದು ಅಪ್ಪ ಎಂಟರ್ ಕೀ ಒತ್ತಿದ.

ಮಗಳು ಬಟಾಣಿ ಉಸಿರು ಬಿಗಿಹಿಡಿದು ನಿಂತಳು. ಪರದೆಯ ಮೇಲೆ ಪುಟ್ಟ ಗೆರೆಯೊಂದು ಮಿಟಿಮಿಟಿ ಎನ್ನುತ್ತಿತ್ತು. ಐದು ಸೆಕೆಂಡಾಯಿತು. ಹತ್ತು ಸೆಕೆಂಡಾಯಿತು. ಆಮೇಲೆ ಮತ್ತದೇ ರಾಗ: ‘ಮೋಡೆಮ್ ಉತ್ತರಿಸುತ್ತಿಲ್ಲ.’

ಗೋಡೆಯ ಗಡಿಯಾರದಲ್ಲಿ ನಾಲ್ಕೂಕಾಲು. ಆರು ಗಂಟೆಯ ಒಳಗೆ ಇದು ಸರಿಹೋಗದಿದ್ದರೆ ಕೆಲಸ ಕೆಟ್ಟಂತೆಯೇ.

ಮೋಡೆಮ್ ಕಂಪ್ಯೂಟರಿನ ಪಕ್ಕದಲ್ಲಿ ಏನೂ ಅರಿಯದ ಹಾಗೆ ಕೂತಿತ್ತು. ಊಟದ ಡಬ್ಬಿಯಷ್ಟು ದೊಡ್ಡದು, ಬೂದು ಬಣ್ಣ, ಮುಂದುಗಡೆ ಸಾಲಾಗಿ ಎಂಟು ಕೆಂಪು ದೀಪ. ಕಂಪ್ಯೂಟರ್ ಹೇಳಿದ್ದನ್ನು ಫೋನಿನ ತಂತಿಗೆ ಹತ್ತಿಸುವುದು, ತಂತಿಯಲ್ಲಿ ಬಂದದ್ದನ್ನು ಕಂಪ್ಯೂಟರಿಗೆ ಇಳಿಸುವುದು, ಇಷ್ಟೇ ಅದರ ಕೆಲಸ. ಆದರೆ ಕೆಲಸ ಶುರು ಮಾಡುವಾಗ ಮನೆಗೆಲ್ಲ ಕೇಳುವಂತೆ ಕಿರುಚುತ್ತಿತ್ತು. ಬಾಲ ತುಳಿಸಿಕೊಂಡ ಬೆಕ್ಕಿನ ಹಾಗೆ ಮೊದಲು ಕೀ ಎನ್ನುವುದು, ಆಮೇಲೆ ಬುಸ್ ಎನ್ನುವುದು. ಇವತ್ತು ಕೀ ಇಲ್ಲ, ಬುಸ್ ಇಲ್ಲ.

ಅಪ್ಪನದು ಕನ್ನಡಕದ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಯಾರ ಕಣ್ಣಿಗೆ ಎಷ್ಟು ಪವರಿನ ಗಾಜು ಬೇಕು ಎಂಬ ಪಟ್ಟಿಯನ್ನು ಅಪ್ಪ ಸಂಜೆ ಈ ಮೋಡೆಮ್ ಮೂಲಕವೇ ಗಾಜಿನ ಕಾರ್ಖಾನೆಗೆ ಕಳಿಸುತ್ತಿದ್ದ. ಶನಿವಾರ ಮಾತ್ರ ಕಾರ್ಖಾನೆಗೆ ರಜೆ. ಶನಿವಾರ ಅದು ಅಮ್ಮನ ಕಾಗದ ತರುತ್ತಿತ್ತು.

ಅಮ್ಮ ಹಡಗಿನಲ್ಲಿದ್ದಳು. ಕಡಲಿನ ತಳ ಎಷ್ಟು ಆಳದಲ್ಲಿದೆ ಎಂದು ಅಳೆಯುವ ಹಡಗು ಅದು. ಅಳೆಯುವವರಿಗೆ ಜ್ವರ ಬಂದರೆ, ಕೈ ಕುಯ್ದುಕೊಂಡರೆ ನೋಡಿಕೊಳ್ಳಲು ಇಡೀ ಹಡಗಿಗೆ ಒಬ್ಬಳೇ ನರ್ಸ್. ಆ ನರ್ಸ್ ಅಮ್ಮ. ಹೋಗಿ ನಾಲ್ಕು ತಿಂಗಳಾಗಿತ್ತು. ಬರಲು ಇನ್ನೂ ನಾಲ್ಕು ತಿಂಗಳಿತ್ತು.

ಹಡಗಿಗೆ ಫೋನ್ ಮಾಡುವ ಹಾಗಿರಲಿಲ್ಲ. ಶನಿವಾರ ನಸುಕಿನಲ್ಲಿ ಹಡಗಿನವರ ಕಾಗದಗಳೆಲ್ಲ ಒಟ್ಟಿಗೆ ಬರುತ್ತಿದ್ದವು. ಸಂಜೆ ಆರಕ್ಕೆ ಸರಿಯಾಗಿ ಹಡಗು ಮನೆಯವರ ಕಾಗದಗಳನ್ನೆಲ್ಲ ಒಟ್ಟಿಗೆ ಎತ್ತಿಕೊಳ್ಳುತ್ತಿತ್ತು. ಒಂದು ನಿಮಿಷ ತಡವಾದರೂ ಮುಂದಿನ ಶನಿವಾರವೇ ಗತಿ.

ಆದರೆ ಮುಂದಿನ ಶನಿವಾರ ಕಾಗದವಿರಲಿಲ್ಲ. ನಾಳೆಯಿಂದ ಹಡಗು ಹಿಮದ ಗಡ್ಡೆಗಳು ತೇಲುವ ಕಡೆಗೆ ಹೋಗುತ್ತಿತ್ತು. ಅಲ್ಲಿಂದ ಆರು ವಾರ ಏನೂ ಬರುವುದಿಲ್ಲ, ಅಲ್ಲಿಗೆ ಏನೂ ಹೋಗುವುದೂ ಇಲ್ಲ. ‘ಈ ಸಲ ಉದ್ದಕ್ಕೆ ಬರೀರಿ. ಆರು ವಾರ ದಿನಾ ಸ್ವಲ್ಪ ಸ್ವಲ್ಪ ಓದ್ಕೋತೀನಿ,’ ಎಂದು ಅಮ್ಮ ಹೋದ ವಾರ ಕೇಳಿದ್ದಳು.

ಬಟಾಣಿ ಎಂಬುದು ಅವಳ ಶಾಲೆಯ ಹೆಸರಲ್ಲ. ಹುಟ್ಟಿದಾಗ ಅಷ್ಟು ದುಂಡಗಿದ್ದಳಂತೆ. ಈಗ ಐದನೇ ಕ್ಲಾಸಿನಲ್ಲಿ ಎಲ್ಲರಿಗಿಂತ ಉದ್ದ ಇವಳೇ, ಆದರೂ ಹೆಸರು ಹಾಗೇ ಅಂಟಿಕೊಂಡಿತ್ತು. ಇವತ್ತು ಆ ಉದ್ದದ ಹುಡುಗಿ ಕುರ್ಚಿಯ ಹಿಂದೆ ಮುದುಡಿ ನಿಂತಿದ್ದಳು. ಮೋಡೆಮ್ ಯಾಕೆ ಹೀಗಾಯಿತು ಎಂದು ಅವಳಿಗೆ ಮುಕ್ಕಾಲು ಪಾಲು ಗೊತ್ತಿತ್ತು.

ಅಮ್ಮನ ಕಾಗದವನ್ನು ಯಾವಾಗಲೂ ಅಪ್ಪನೇ ಓದುತ್ತಿದ್ದ. ಆ ಕಂಪ್ಯೂಟರಿಗೆ ಕನ್ನಡ ಬರುತ್ತಿರಲಿಲ್ಲ, ಹಾಗಾಗಿ ಅಮ್ಮ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುತ್ತಿದ್ದಳು. ಒಂದು ಸಲ ಹಡಗು ಯಾವುದೋ ಹಳ್ಳಿಯ ಹತ್ತಿರ ನಿಂತಿತ್ತು ಎಂದು ಬರೆದದ್ದನ್ನು ಅಪ್ಪ ಹಲ್ಲಿ ಎಂದು ಓದಿಬಿಟ್ಟ. ಹಡಗು ನಿಲ್ಲಿಸುವಷ್ಟು ದೊಡ್ಡ ಹಲ್ಲಿ ಹೇಗಿತ್ತು ಎಂದು ಐದು ವರ್ಷದ ತಮ್ಮ ಎರಡು ದಿನ ಪ್ರಾಣ ತಿಂದಿದ್ದ.

ಆದರೆ ಬಟಾಣಿ ಬೇರೊಂದನ್ನು ಗಮನಿಸಿದ್ದಳು. ಅಪ್ಪ ಓದುತ್ತಾ ಓದುತ್ತಾ ಒಂದು ಕಡೆ ನಿಲ್ಲುತ್ತಿದ್ದ. ಕಣ್ಣು ಮುಂದಕ್ಕೆ ಹೋಗುತ್ತಿತ್ತು, ಬಾಯಿ ಮಾತ್ರ ಹೋಗುತ್ತಿರಲಿಲ್ಲ. ಒಂದು ಕೆಮ್ಮು ಕೆಮ್ಮಿ ಕನ್ನಡಕ ಸರಿಮಾಡಿಕೊಂಡು ಮತ್ತೆಲ್ಲಿಂದಲೋ ಓದಲು ಶುರು ಮಾಡುತ್ತಿದ್ದ. ‘ಇಲ್ಲಿ ರಾತ್ರಿ ಗಾಳಿ ಜೋರು’ ಎಂದವನು ಕೆಮ್ಮಿದ ಮೇಲೆ ‘ಬಟಾಣಿಯ ಶೂ ಚಿಕ್ಕದಾಗಿದ್ದರೆ ಹೊಸದು ತೆಗೆಸಿಕೊಡಿ’ ಎನ್ನುತ್ತಿದ್ದ. ಗಾಳಿಗೂ ಶೂಗೂ ನಡುವೆ ಏನಿತ್ತು? ಓದಿ ಮುಗಿದ ಮೇಲೆ ಕಾಗದ ಫ್ಲಾಪಿಗೆ ಹೋಗುತ್ತಿತ್ತು, ಫ್ಲಾಪಿ ಡ್ರಾಯರಿಗೆ ಹೋಗುತ್ತಿತ್ತು, ಡ್ರಾಯರಿಗೆ ಬೀಗ.

ಹೇಳಲು ಬಾರದ ಇನ್ನೊಂದು ಸಂಗತಿಯೂ ಇತ್ತು. ಅಮ್ಮನ ಮುಖ ಬಟಾಣಿಗೆ ಚೆನ್ನಾಗಿ ನೆನಪಿತ್ತು. ಥರ್ಮಾಮೀಟರ್ ಕೊಡವುವ ಕೈ ನೆನಪಿತ್ತು. ದನಿ ಮಾತ್ರ ಜಾರಿ ಹೋಗುತ್ತಿತ್ತು. ನಾಲ್ಕು ತಿಂಗಳಿನಿಂದ ಅಮ್ಮನ ಮಾತೆಲ್ಲ ಅಪ್ಪನ ದನಿಯಲ್ಲೇ ಕೇಳಿ ಕೇಳಿ, ಕಣ್ಣು ಮುಚ್ಚಿದರೆ ಅಮ್ಮ ಬಾಯಿ ತೆರೆಯುತ್ತಿದ್ದಳು, ಅಪ್ಪ ಮಾತಾಡುತ್ತಿದ್ದ. ಒಂದೇ ಒಂದು ಕಾಗದವನ್ನು ತಾನೊಬ್ಬಳೇ ಮನಸ್ಸಿನಲ್ಲೇ ಓದಬೇಕು ಎಂದು ಅವಳಿಗೆ ಆಸೆ ಹತ್ತಿತ್ತು.

ಶನಿವಾರ ಎಲ್ಲರಿಗಿಂತ ಮೊದಲು ಎದ್ದರೆ ಆಯಿತು. ಕಾಗದ ತರಿಸುವುದನ್ನು ಅವಳು ಅಪ್ಪನ ಬೆನ್ನ ಹಿಂದೆ ನಿಂತು ಹತ್ತು ಸಲ ನೋಡಿದ್ದಳು. ತೊಂದರೆಯೆಂದರೆ ಮೋಡೆಮಿನ ಕಿರುಚಾಟ. ನಿನ್ನೆ ಸಂಜೆ ಅಪ್ಪ ಕಾರ್ಖಾನೆಗೆ ಪಟ್ಟಿ ಕಳಿಸಿ, ಯಾರಿಗೋ ಕನ್ನಡಕ ಕೊಟ್ಟು ಬರಲು ಹೋದಾಗ ಅವಳು ಮೋಡೆಮಿನ ಪುಸ್ತಕ ತೆಗೆದಳು. ಇಂಗ್ಲಿಷಿನಲ್ಲಿ ಆಜ್ಞೆಗಳ ಉದ್ದದ ಪಟ್ಟಿ. ಅದರಲ್ಲಿ ‘ಕ್ಯೂ’ ಎಂಬ ಅಕ್ಷರದ ಮುಂದೆ ‘ಕ್ವಯೆಟ್’ ಎಂದಿತ್ತು. ಕ್ವಯೆಟ್ ಎಂದರೆ ಸದ್ದಿಲ್ಲದೆ ಇರುವುದು. ಟೀಚರ್ ದಿನಕ್ಕೆ ಇಪ್ಪತ್ತು ಸಲ ಹೇಳುತ್ತಾರೆ. ಅವಳು ಕ್ಯೂ ಒಂದು ಎಂದು ಹೊಡೆದಳು. ಕರೆಂಟ್ ಹೋದರೂ ಮರೆಯದಿರಲಿ ಎಂದು, ನೆನಪಿಟ್ಟುಕೊಳ್ಳುವ ಆಜ್ಞೆಯನ್ನೂ ಸೇರಿಸಿದಳು.

ಬೆಳಗ್ಗೆ ಐದೂವರೆಗೆ ಕಂಪ್ಯೂಟರ್ ಹಾಕಿದರೆ ‘ಮೋಡೆಮ್ ಉತ್ತರಿಸುತ್ತಿಲ್ಲ’. ಗಾಬರಿಯಿಂದ ಎಲ್ಲ ಆರಿಸಿ ಹೊದಿಕೆಯೊಳಗೆ ನುಗ್ಗಿದ್ದಳು. ಶನಿವಾರ ಅಂಗಡಿಯಲ್ಲಿ ಜನ ಹೆಚ್ಚು. ಅಪ್ಪ ಕಂಪ್ಯೂಟರಿನ ಮುಂದೆ ಕೂರುವ ಹೊತ್ತಿಗೆ ನಾಲ್ಕಾಗಿತ್ತು.

ಅಪ್ಪ ಮೋಡೆಮನ್ನು ಎತ್ತಿ ನೋಡಿದ, ಧೂಳು ಊದಿದ, ಮೆಲ್ಲಗೆ ಒಂದು ಏಟೂ ಕೊಟ್ಟ. ಮೋಡೆಮ್ ಮಾರಿದ ಅಂಗಡಿಗೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಕಡೆಗೆ ಅಕ್ಕನಿಗೆ ಫೋನ್ ಹಚ್ಚಿದ.

ಅಪ್ಪನ ಅಕ್ಕನೆಂದರೆ ಬಟಾಣಿಗೆ ಅತ್ತೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಲೈನ್ ಪರೀಕ್ಷೆ ಮಾಡುವುದು ಅವಳ ಕೆಲಸ. ಮೋಡೆಮ್‌ಗಳ ಜೊತೆ ಅವಳಿಗೆ ದಿನವೂ ಜಗಳ. ಅಪ್ಪ ಮೊದಲಿನಿಂದ ವಿವರಿಸಲು ಹೊರಟಾಗ ಅತ್ತೆ ತಡೆದು, ಫೋನನ್ನು ಹುಡುಗಿಯ ಕೈಗೆ ಕೊಡು ಎಂದಳು.

“ನಿಮ್ಮಪ್ಪ ಕಥೆ ಹೇಳ್ತಾನೆ, ನನಗೆ ಕಥೆ ಬೇಡ,” ಎಂದಳು ಅತ್ತೆ. “ನಿನ್ನ ಕಣ್ಣಿಗೆ ಏನು ಕಾಣುತ್ತೋ ಅಷ್ಟೇ ಹೇಳು.”

ಬಟಾಣಿ ದೀಪಗಳನ್ನು ನೋಡಿ ನೋಡಿ ಹೇಳಿದಳು. ಎಡಗಡೆಯ ಎರಡು ಉರಿಯುತ್ತಿವೆ, ಉಳಿದದ್ದು ಇಲ್ಲ. ಫೋನಿನಲ್ಲಿ ಮಾತಾಡುತ್ತಿದ್ದೇವಲ್ಲ, ಹಾಗಾದರೆ ಲೈನು ಸರಿಯಿದೆ ಎಂದಳು ಅತ್ತೆ. ಕೇಬಲ್ ನೋಡಿ ಎಂದಳು. ಅಪ್ಪ ಮೇಜಿನ ಕೆಳಗೆ ತೂರಿದ. ತಮ್ಮ ಟಾರ್ಚ್ ಹಿಡಿದ, ಕೇಬಲಿಗಲ್ಲ, ಅಪ್ಪನ ಕಣ್ಣಿಗೆ. ಅಪ್ಪ ಎರಡೂ ಸ್ಕ್ರೂ ಬಿಗಿಮಾಡಿ, ಮೇಲೇಳುವಾಗ ತಲೆ ಹೊಡೆಸಿಕೊಂಡ. ಮೋಡೆಮನ್ನು ಆರಿಸಿ, ಹತ್ತು ಎಣಿಸಿ, ಮತ್ತೆ ಹಾಕಿದರು. ಉಹೂಂ.

ಆಮೇಲೆ ಅತ್ತೆ ಬರೀ ‘ಎ, ಟಿ’ ಎಂದು ಹೊಡೆಯಲು ಹೇಳಿದಳು. ‘ಇಲ್ಲಿ ಕೇಳು’ ಎಂದು ಮೋಡೆಮನ್ನು ಕರೆದ ಹಾಗೆ ಅದು. ಸರಿಯಿದ್ದರೆ ಪರದೆಯ ಮೇಲೆ ‘ಓಕೆ’ ಎಂದು ಬರಬೇಕು. ಬಟಾಣಿ ಹೊಡೆದಳು. ಅಕ್ಷರಗಳು ಮೂಡಿದವು. ನಡುವಿನ ಒಂದು ದೀಪ ಚಕ್ ಎಂದು ಮಿನುಗಿತು. ಓಕೆ ಬರಲಿಲ್ಲ.

“ಮಿನುಗಿತಾ? ಹಾಗಾದ್ರೆ ಕಂಪ್ಯೂಟರ್ ಹೇಳಿದ್ದು ಅಲ್ಲಿವರೆಗೂ ಹೋಗ್ತಿದೆ,” ಎಂದಳು ಅತ್ತೆ. “ಅದಕ್ಕೆ ಕಿವಿ ಕೇಳುತ್ತೋ ಇಲ್ವೋ ನೋಡೋಣ. ಈಗ ಎ, ಟಿ, ಎಚ್, ಒಂದು ಅಂತ ಹೊಡಿ. ಕೇಳಿದ್ರೆ ಅದು ಲೈನ್ ಕಿತ್ಕೊಳ್ಳುತ್ತೆ, ನನ್ನ ದನಿ ನಿಂತುಹೋಗುತ್ತೆ. ಹೆದರ್ಬೇಡ. ಒಂದರ ಬದಲು ಸೊನ್ನೆ ಹಾಕಿ ಹೊಡಿ, ವಾಪಸ್ ಬರ್ತೀನಿ.”

ಬಟಾಣಿ ಹೊಡೆದಳು. ಮೋಡೆಮಿನ ಹೊಟ್ಟೆಯೊಳಗೆ ಟಕ್ ಎಂದಿತು. ಹೊಸದೊಂದು ದೀಪ ಹತ್ತಿತು. ಕಿವಿಗೆ ಹಿಡಿದ ಫೋನು ಕಲ್ಲಿನ ಹಾಗಾಯಿತು. ಅತ್ತೆಯಿಲ್ಲ, ಅತ್ತೆಯ ಹಿಂದಿನ ಗಲಾಟೆಯೂ ಇಲ್ಲ. ಆ ನಿಶ್ಶಬ್ದ ಅವಳಿಗೆ ಹಿಡಿಸಲಿಲ್ಲ. ಆರು ವಾರ ಹೀಗೆಯೇ ಇರುತ್ತದೆ ಎನಿಸಿತು. ಅವಸರವಾಗಿ ಸೊನ್ನೆ ಹಾಕಿ ಹೊಡೆದಳು. ಟಕ್.

“ಬಂದೆ ನೋಡು,” ಎಂದಳು ಅತ್ತೆ. “ನಿಮ್ಮ ಮೋಡೆಮ್‌ಗೆ ಕಿವಿ ಚೆನ್ನಾಗಿದೆ, ಹೇಳಿದ್ದೂ ಮಾಡುತ್ತೆ. ಬಾಯಿ ಮಾತ್ರ ಬಿಡ್ತಿಲ್ಲ. ತಾನಾಗೇ ಅದು ಹಾಗೆ ಮಾಡಲ್ಲ, ಬಟಾಣಿ. ಯಾರೋ ಅದಕ್ಕೆ ಉತ್ತರ ಕೊಡಬೇಡ ಅಂತ ಹೇಳಿದಾರೆ.”

ಬಟಾಣಿಯ ಕಿವಿ ಬಿಸಿಯಾಯಿತು. ಕ್ವಯೆಟ್ ಎಂದರೆ ಸದ್ದು ಮಾಡಬೇಡ ಎಂದಲ್ಲ. ಉತ್ತರ ಕೊಡಬೇಡ ಎಂದು.

ಅಷ್ಟರಲ್ಲಿ ಅತ್ತೆಯ ಕಡೆ ಯಾರೋ ಕೂಗಿದರು. ಯಾವುದೋ ಬೀದಿಯ ಲೈನೆಲ್ಲ ಸತ್ತಿದೆಯಂತೆ, ಅರ್ಧ ಗಂಟೆ ಬಿಟ್ಟು ತಾನೇ ಫೋನ್ ಮಾಡಿ ಮದ್ದು ಹೇಳುತ್ತೇನೆ ಎಂದು ಅತ್ತೆ ಫೋನ್ ಇಟ್ಟಳು.

ಗಡಿಯಾರದಲ್ಲಿ ಐದು ಗಂಟೆ ಐದು ನಿಮಿಷ. ಅರ್ಧ ಗಂಟೆ ತಾನೇ, ಕಾಯೋಣ ಎಂದ ಅಪ್ಪ. ತಲೆಯ ಮೇಲೆ ಎದ್ದ ಬುಗುಟನ್ನು ಸವರಿಕೊಳ್ಳುತ್ತಾ ಸ್ಟೂಲಿನ ಮೇಲೆ ಕೂತ. ಅವನ ಕಣ್ಣು ಮಾತ್ರ ಗಡಿಯಾರ ಬಿಡಲಿಲ್ಲ. ಒಂದು ಕಾಲನ್ನು ಸುಮ್ಮನೆ ಅಲ್ಲಾಡಿಸುತ್ತಿದ್ದ. ಪರೀಕ್ಷೆಯ ದಿನ ಕ್ಲಾಸಿನ ಹುಡುಗರು ಹಾಗೆ ಅಲ್ಲಾಡಿಸುತ್ತಾರೆ. ಅಪ್ಪನೂ ಕಾಯುತ್ತಾನೆ ಎಂಬುದು ಬಟಾಣಿಗೆ ಇದುವರೆಗೆ ಹೊಳೆದೇ ಇರಲಿಲ್ಲ.

ಸುಮ್ಮನೆ ಕೂತಿದ್ದರೆ ಸಾಕಿತ್ತು. ಅತ್ತೆ ಮದ್ದು ಹೇಳುತ್ತಿದ್ದಳು, ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಆದರೆ ಅತ್ತೆಯ ಅರ್ಧ ಗಂಟೆ ಒಂದು ಗಂಟೆಯಾದರೆ?

ಬಟಾಣಿ ಕೀಬೋರ್ಡ್ ಎಳೆದುಕೊಂಡಳು. ಎ, ಟಿ, ಕ್ಯೂ, ಸೊನ್ನೆ. ಆಮೇಲೆ ನೆನಪಿಟ್ಟುಕೊಳ್ಳುವ ಆಜ್ಞೆ. ಎಂಟರ್.

‘ಓಕೆ’ ಎಂದಿತು ಪರದೆ.

ಅಪ್ಪ ಪರದೆ ನೋಡಲಿಲ್ಲ, ಅವಳನ್ನು ನೋಡಿದ. “ನಿನಗೆ ಹೇಗೆ ಗೊತ್ತಾಯ್ತು?”

“ನಿನ್ನೆ ನಾನೇ ಹಾಕಿದ್ದೆ,” ಎಂದಳು ಬಟಾಣಿ. “ಸದ್ದಿಲ್ದೆ ಕಾಗದ ತರಿಸೋಣ ಅಂತ. ನಾನೇ ಓದ್ಬೇಕಿತ್ತು. ನೀನು ಸಾಲು ಬಿಟ್ಟು ಓದ್ತೀಯ, ಅಪ್ಪ.”

ಅಪ್ಪ ಬೈಯುತ್ತಾನೆ ಎಂದುಕೊಂಡಳು. ಬೈದಿದ್ದರೆ ವಾಸಿಯಿತ್ತು. ಅವನು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. ಗಿರಾಕಿಗಳಿಗೆ ಹಾಗೆ ಒರೆಸಬೇಡಿ ಎಂದು ಹೇಳುವವನು ಅವನೇ.

“ಹೌದು, ಬಿಡ್ತೀನಿ,” ಎಂದ.

ಅಷ್ಟೇ ಹೇಳಿ ಮುಂದೆ ಬಾಗಿ ಕಾಗದ ತರಿಸುವ ಕೀ ಒತ್ತಿದ. ಮೋಡೆಮ್ ಮನೆ ಹಾರಿಹೋಗುವಂತೆ ಕಿರುಚಿತು. ತಮ್ಮ ಎರಡೂ ಕಿವಿ ಮುಚ್ಚಿಕೊಂಡು ಕುಣಿದ. ಬುಸ್ ಬುಸ್ ಎಂದು ಸುಸ್ತಾಗಿ ಅದು ಸುಮ್ಮನಾದಾಗ ದೀಪಗಳೆಲ್ಲ ಪಟಪಟ ಮಿನುಗತೊಡಗಿದವು. ಪರದೆಯ ಮೇಲೆ ಅಮ್ಮನ ಕಾಗದ ಒಂದೊಂದೇ ಸಾಲಾಗಿ ಇಳಿಯಿತು.

ಅಪ್ಪ ಕಂಪ್ಯೂಟರಿನ ಮುಂದಿನ ಕುರ್ಚಿಯನ್ನು ಹಿಂದಕ್ಕೆಳೆದು ಅವಳಿಗೆ ತೋರಿಸಿದ. “ಕೂತ್ಕೋ. ಇವತ್ತು ನೀನೇ ಓದು.”

ಒಬ್ಬಳೇ ಮನಸ್ಸಿನಲ್ಲಿ ಓದುವ ಆಸೆಯೇನೋ ಇತ್ತು. ಆದರೆ ತಮ್ಮ ಅಷ್ಟರಲ್ಲೇ ಅವಳ ತೊಡೆ ಏರಿ ಕೂತು, ಜೋರಾಗಿ ಓದು ಎಂದು ಹಟ ಹಿಡಿದಿದ್ದ. ಬಟಾಣಿ ಅಕ್ಷರದ ಮೇಲೆ ಬೆರಳಿಟ್ಟು ನಿಧಾನವಾಗಿ ಓದಿದಳು. ಅಮ್ಮ ಮೂರು ಜೊತೆ ಕಾಲುಚೀಲ ಹಾಕಿಕೊಳ್ಳುತ್ತಾಳಂತೆ. ಹಡಗಿನ ಅಡುಗೆಯವನು ಉಪ್ಪು ಹಾಕಲು ಮರೆತು, ತಪ್ಪನ್ನು ಕಡಲಿನ ಮೇಲೆ ಹಾಕಿದನಂತೆ, ಅಷ್ಟೊಂದು ಉಪ್ಪು ಸುತ್ತಲೂ ಇರುವಾಗ ಬೇರೆ ಯಾಕೆ ಎಂದು. ತಮ್ಮ ಕಿಸಕ್ಕೆಂದ. ಬಟಾಣಿಗೂ ನಗು ಬಂತು. ಆ ನಗುವಿನ ನಡುವೆ ಎಲ್ಲೋ ಅಮ್ಮನ ದನಿ ಒಂದು ಗಳಿಗೆ ಬಂದು ಹೋಯಿತು. ಮಾತಿನ ಕೊನೆಯಲ್ಲಿ ಸ್ವಲ್ಪ ಮೇಲಕ್ಕೆ ಹೋಗುವ ದನಿ.

ಅವಳು ಅದೇ ಓಟದಲ್ಲಿ ಮುಂದಿನ ಸಾಲಿಗೆ ಇಳಿದಳು.

“‘ಮೊನ್ನೆ ಒಬ್ಬ ಹುಡುಗನ ಅಂಗೈಗೆ ಏಳು ಹೊಲಿಗೆ ಹಾಕಿದೆ. ಇಪ್ಪತ್ತು ವರ್ಷದವನು. ಹೊಲಿಯುವಾಗ ಕಣ್ಣು ಮುಚ್ಚಿಕೊಂಡು ಅಮ್ಮಾ ಅಂದ. ಕೆಲಸ ಮುಗಿಸಿ ಸ್ಟೋರ್ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.’”

ತಮ್ಮ ತಟ್ಟನೆ ತಿರುಗಿದ. “ಅತ್ತೆ ಹಡಗಿಗೆ ಯಾವಾಗ ಹೋದ್ಲು?”

ಬಟಾಣಿಗೂ ಮೊದಲು ಹಾಗೇ ಅನಿಸಿತ್ತು. ಈಗ ತಾನೇ ಫೋನಿನಲ್ಲಿದ್ದ ಅತ್ತೆ ಸ್ಟೋರ್ ರೂಮಿನಲ್ಲಿ ಏನು ಮಾಡುತ್ತಿದ್ದಾಳೆ? ಅವಳು ಸಾಲನ್ನು ಮತ್ತೊಮ್ಮೆ ನೋಡಿದಳು. ಬಾಗಿಲು ಹಾಕಿಕೊಂಡು. ಆಮೇಲೆ ಆ ಪುಟ್ಟ ಪದ ಅಲ್ಲೇ ನಿಂತ ಹಾಗೆಯೇ ಬೇರೆಯಾಗಿಬಿಟ್ಟಿತು.

ಅದರ ಕೆಳಗೆ ಇನ್ನೂ ಎರಡು ಸಾಲಿತ್ತು. ‘ಆ ಹುಡುಗನ ಬದಲು ನಮ್ಮ ಮಕ್ಕಳೇ ಕಂಡರು. ಇದು ನಿನಗೆ ಮಾತ್ರ, ಅವರಿಗೆ ಓದಿ ಹೇಳಬೇಡ.’

ಬಟಾಣಿ ತಲೆಯೆತ್ತಿದಳು. ಅಪ್ಪ ಸ್ಟೂಲಿನಿಂದ ಅರ್ಧ ಎದ್ದು, ಅವಳನ್ನೇ ನೋಡುತ್ತಾ ನಿಂತಿದ್ದ.

“ಹೇಳೇ, ಯಾವಾಗ ಹೋದ್ಲು?” ತಮ್ಮ ಅವಳ ಗಲ್ಲ ಹಿಡಿದು ತಿರುಗಿಸಿದ.

“ನಮ್ಮ ಅತ್ತೆ ಅಲ್ಲ ಕಣೋ,” ಎಂದಳು ಬಟಾಣಿ. “ಹಡಗಲ್ಲಿ ಬೇರೆ ಯಾರದೋ ಅತ್ತೆ ಇದಾರಂತೆ.”

“ಅವ್ರು ಸ್ಟೋರ್ ರೂಮಲ್ಲಿ ಏನು ಮಾಡ್ತಾರೆ?”

“ಬಿಸ್ಕತ್ ಎಣಿಸ್ತಾರೆ.”

ತಮ್ಮನಿಗೆ ಅದು ಒಪ್ಪಿಗೆಯಾಯಿತು. ಎಷ್ಟು ಬಿಸ್ಕತ್ ಇರಬಹುದು ಎಂದು ಯೋಚಿಸುತ್ತಾ ಕೂತ. ಬಟಾಣಿ ಗಂಟಲು ಸರಿಮಾಡಿಕೊಂಡು, ಎರಡು ಸಾಲು ದಾಟಿ, ತಮ್ಮನ ಸಡಿಲವಾದ ಹಲ್ಲಿನ ಬಗ್ಗೆ ಅಮ್ಮ ಕೇಳಿದ್ದ ಕಡೆಯಿಂದ ಓದಿದಳು.

ಐದೂ ಇಪ್ಪತ್ತೈದಕ್ಕೆ ಉತ್ತರ ಬರೆಯಲು ಶುರು ಮಾಡಿದರು. ಉದ್ದಕ್ಕೆ ಬರೆಯಬೇಕಿತ್ತು, ಹೊತ್ತು ಮಾತ್ರ ಗಿಡ್ಡವಾಗಿತ್ತು. ತಮ್ಮ ಬಾಯಿಗೆ ಬಂದದ್ದೆಲ್ಲ ಹೇಳಿದ, ಬಟಾಣಿ ಎರಡು ಬೆರಳಿನಲ್ಲಿ ಕುಟ್ಟಿದಳು. ಹಲ್ಲು ಇನ್ನೂ ಬಿದ್ದಿಲ್ಲ. ಅಪ್ಪನ ತಲೆಯ ಮೇಲೆ ಬುಗುಟೆದ್ದಿದೆ. ಶೂ ತೆಗೆಸಿಕೊಂಡಾಯಿತು. ಗಣಿತದಲ್ಲಿ ಇಪ್ಪತ್ತಕ್ಕೆ ಹದಿನೆಂಟು. ಎದುರು ಬೀದಿಯ ದರ್ಜಿ ಎರಡು ಪವರಿನ ಬೈಫೋಕಲ್ ಕನ್ನಡಕ ಹಾಕಿಕೊಂಡ ಮೊದಲ ದಿನವೇ ಮೆಟ್ಟಿಲು ತಪ್ಪಿ ಕೂತುಬಿಟ್ಟ. ಮೋಡೆಮ್ ಕೆಟ್ಟದ್ದು, ಯಾರಿಂದ ಕೆಟ್ಟಿತು ಎಂಬುದು, ಅದನ್ನೂ ಬರೆದಳು. ನಡುವೆ ಅತ್ತೆಯ ಫೋನ್ ಬಂತು. ಅಪ್ಪ ಎತ್ತಿಕೊಂಡು, ಸರಿಹೋಯಿತು ಅಕ್ಕ ಎಂದ. ಹೇಗೆ ಎಂದು ಅವಳು ಕೇಳಿರಬೇಕು. ಬಟಾಣಿಯೇ ಸರಿಮಾಡಿದಳು ಎಂದು ಹೇಳಿ ಇಟ್ಟುಬಿಟ್ಟ.

ಆಮೇಲೆ ಅಪ್ಪನ ಸರದಿ. ಅವನು ನಾಲ್ಕು ಸಾಲು ಬರೆದ. ಬಟಾಣಿ ಅಷ್ಟು ಹೊತ್ತೂ ಕಿಟಕಿಯ ಕಡೆಗೆ ತಿರುಗಿ ನಿಂತಿದ್ದಳು.

ಐದೂ ನಲವತ್ತೆಂಟು. ತಮ್ಮ ನೀರು ಕುಡಿಯಲು ಒಳಗೆ ಹೋದ. ಕಳಿಸಲೇ ಎಂದು ಅಪ್ಪ ಕೇಳಿದ.

“ಒಂದು ನಿಮಿಷ,” ಎಂದು ಬಟಾಣಿ ಕೀಬೋರ್ಡ್ ತೆಗೆದುಕೊಂಡಳು.

‘ಅಮ್ಮ, ಸ್ಟೋರ್ ರೂಮಿನ ಸಾಲು ನಾನು ಓದಿದೆ. ಅಪ್ಪ ಓದೋಕೆ ಬಿಟ್ಟ. ತಮ್ಮನಿಗೆ ಹೇಳಿಲ್ಲ.’

ಇನ್ನೂ ಏನೋ ಬರೆಯಬೇಕು ಎನಿಸಿತು. ನೀನಿಲ್ಲದೆ ಬೇಜಾರು ಎಂದು ಬರೆಯೋಣವೆಂದುಕೊಂಡಳು. ಬೇಗ ಬಂದುಬಿಡು ಎಂದು ಬರೆಯೋಣವೆಂದುಕೊಂಡಳು. ಪುಟ್ಟ ಗೆರೆ ಮಿಟಿಮಿಟಿ ಎನ್ನುತ್ತಾ ಕಾಯುತ್ತಿತ್ತು. ಕೊನೆಗೆ ಅವಳು ಹೊಡೆದದ್ದು ಇಷ್ಟು: ‘ಆ ಹುಡುಗನ ಕೈ ವಾಸಿಯಾಯ್ತಾ?’

ಇದಕ್ಕೆ ಉತ್ತರ ಬರುವುದು ಆರು ವಾರ ಕಳೆದ ಮೇಲೆ. ಅಷ್ಟರಲ್ಲಿ ಹೊಲಿಗೆ ಬಿಚ್ಚಿ, ಗಾಯ ಮಾಗಿ, ಹುಡುಗ ಅದನ್ನು ಮರೆತೂ ಇರುತ್ತಾನೆ. ಬಟಾಣಿಗೆ ಅದು ಗೊತ್ತಿತ್ತು. ಆದರೂ ಅಳಿಸಲಿಲ್ಲ.

ಅಪ್ಪ ಎಂಟರ್ ಒತ್ತಿದ.